ಲಾರಿ ಚಾಲಕನಿಗೆ ಬೇಕಾದದ್ದು ಒಂದೇ ಉತ್ತರ

ಡಬ್ಲಿನ್ ನಗರಕ್ಕೂ ಅದರ ವಿಮಾನ ನಿಲ್ದಾಣಕ್ಕೂ ನಡುವೆ ಇರುವ ಸ್ಯಾಂಟ್ರಿಯಲ್ಲಿ ನಾನು ನೆಲೆಸಿ ಕೆಲವು ವರ್ಷಗಳಾದವು. ಇಲ್ಲಿಂದ ಕಡಲು ಕಾಣುವುದಿಲ್ಲ, ಬಂದರಿನ ಸರಕು ಮಾತ್ರ ಹಗಲಿರುಳು ಕಾಣುತ್ತದೆ. 2006ರ ಡಿಸೆಂಬರಿನಲ್ಲಿ ತೆರೆದ ಸುಮಾರು 4.5 ಕಿ.ಮೀ. ಉದ್ದದ ಸುರಂಗವು ಈ ಭಾಗವನ್ನು ನೇರವಾಗಿ ಬಂದರಿಗೆ ಜೋಡಿಸಿದೆ. ಅದರಲ್ಲಿ ಕಾರುಗಳಿಗೆ ಸುಂಕ, ಭಾರಿ ಲಾರಿಗಳಿಗೆ ವಿನಾಯಿತಿ. ಆ ಲಾರಿಗಳಿಗಾಗಿ ತಂತ್ರಾಂಶ ರೂಪಿಸುವುದು ನನ್ನ ವೃತ್ತಿ.

ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಅಲ್ಲಿ ಕೆಲಸ ಸಿಗುತ್ತದೆ ಎಂದು ಊರಿನ ತರುಣರು ಕೇಳುತ್ತಾರೆ. ಹೆತ್ತವರು ಸಾಲಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ನನ್ನ ಉತ್ತರ ಯಾರಿಗೂ ರುಚಿಸದು. ಭಾಷೆ ಬಲ್ಲವರು ಇಲ್ಲಿ ಬೇಕಾದಷ್ಟಿದ್ದಾರೆ. ಸರಕಿನ ವ್ಯವಹಾರ ಬಲ್ಲವರು ಕಡಿಮೆ.

ನಾನೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತವನು. ನಾನು ಮೊದಲು ವಿನ್ಯಾಸಗೊಳಿಸಿದ ಪರದೆಯಲ್ಲಿ ತುಂಬಬೇಕಾದ 14 ಅಂಕಣಗಳಿದ್ದವು. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು. ಗೋದಾಮಿನಲ್ಲಿ ಬೆಳಗಿನ ನಾಲ್ಕು ಗಂಟೆಯ ಚಳಿಗೆ ಕೈಗವಸು ತೊಟ್ಟ ಮೇಸ್ತ್ರಿ ಅದನ್ನು ಒಮ್ಮೆ ನೋಡಿ, ಜೇಬಿನಿಂದ ತನ್ನ ಹಳೆಯ ನೋಟ್‌ಬುಕ್ ತೆಗೆದ. ತಪ್ಪು ಅವನದಲ್ಲ. ಅವನ ಪಾಳಿಯಲ್ಲಿ ಒಂದು ದಿನವೂ ನಿಂತು ನೋಡದೆ ನಾನು ಪರದೆ ಬರೆದಿದ್ದೆ.

2021ರ ಜನವರಿ 1ರಿಂದ ಬ್ರಿಟನ್ನಿನ ಸರಕಿಗೆ ಇಲ್ಲಿ ಕಸ್ಟಮ್ಸ್ ತಪಾಸಣೆ ಆರಂಭವಾಯಿತು. ಒಂದೇ ಲಾರಿಯಲ್ಲಿ ಹತ್ತಾರು ವ್ಯಾಪಾರಿಗಳ ಸರಕು, ಪ್ರತಿಯೊಂದಕ್ಕೂ ಬೇರೆ ಘೋಷಣಾ ಪತ್ರ. ಮೊದಲ ವಾರಗಳಲ್ಲಿ ಗೊಂದಲವೇನೂ ಕಡಿಮೆಯಿರಲಿಲ್ಲ. ಆದರೂ ಇಲ್ಲಿನ ಕಂದಾಯ ಇಲಾಖೆಯ 'ಪ್ರೀ-ಬೋರ್ಡಿಂಗ್ ನೋಟಿಫಿಕೇಷನ್' ವ್ಯವಸ್ಥೆಯ ಹಿಂದಿನ ಆಲೋಚನೆ ನನಗೆ ಮೆಚ್ಚುಗೆಯಾಯಿತು. ಅಷ್ಟೂ ಪತ್ರಗಳನ್ನು ಅದು ಒಂದು ಸಂಖ್ಯೆಗೆ ಕಟ್ಟುತ್ತದೆ. ಹಾಲಿಹೆಡ್‌ನಲ್ಲಿ ಹಡಗು ಹತ್ತುವಾಗ ಚಾಲಕನ ಬಳಿ ಆ ಸಂಖ್ಯೆಯಿದ್ದರಾಯಿತು. ಡಬ್ಲಿನ್ ತಲುಪುವ ಮುನ್ನವೇ, ನೇರ ಹೊರಡಬಹುದೋ ತಪಾಸಣೆಗೆ ಹೋಗಬೇಕೋ ಎಂಬುದು ಅವನಿಗೆ ತಿಳಿಯುತ್ತದೆ. ಸುಂಕದ ಶಾಸ್ತ್ರವೆಲ್ಲ ಅವನಿಗೇಕೆ?

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಉಂಟು. ಮೇರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಪ್ರಕಟಿಸಿದ ಟ್ರೇಡ್‌ಲೆನ್ಸ್ ವೇದಿಕೆಯಲ್ಲಿ ಬ್ಲಾಕ್‌ಚೈನ್ ಇತ್ತು, ದೊಡ್ಡ ಹೆಸರುಗಳಿದ್ದವು. 2022ರ ನವೆಂಬರಿನಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿದರು. ಜಾಗತಿಕ ಉದ್ಯಮದ ಪೂರ್ಣ ಸಹಕಾರ ದೊರೆಯಲಿಲ್ಲವೆಂಬುದು ಕೊಟ್ಟ ಕಾರಣ. ಪ್ರತಿಸ್ಪರ್ಧಿಯು ಕಟ್ಟಿದ ಮನೆಯಲ್ಲಿ ತನ್ನ ಲೆಕ್ಕದ ಪುಸ್ತಕ ಇಡಲು ಯಾವ ವರ್ತಕ ತಾನೇ ಒಪ್ಪಿಯಾನು? ಈ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ.

ಕಳೆದ ತಿಂಗಳು ಸುರತ್ಕಲ್ಲಿನಿಂದ ನಮ್ಮ ಬಂಧುವೊಬ್ಬರ ಮಗ ಕರೆ ಮಾಡಿದ್ದ. ಇಲ್ಲಿನ ಸ್ನಾತಕೋತ್ತರ ಕೋರ್ಸಿಗೆ ಮನೆ ಅಡವಿಡುವ ಮಾತು ನಡೆದಿತ್ತು. "ಪಣಂಬೂರಿನ ಬಂದರು ಮನೆಯ ಪಕ್ಕದಲ್ಲೇ ಇದೆಯಲ್ಲ ಮಗಾ, ಮೊದಲು ಆರು ತಿಂಗಳು ಅಲ್ಲಿನ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಕೂತು ಬಾ" ಎಂದೆ. ಬಿಲ್ ಆಫ್ ಲೇಡಿಂಗ್ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಗಡುವು ಮೀರಿದ ಕಂಟೇನರಿನ ಡೆಮರೇಜ್ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಹುಡುಗನಿಗೆ ಬೇಸರವಾಯಿತು. ಆದರೆ ಅವನ ತಂದೆ ಮರುದಿನ ಕರೆ ಮಾಡಿ, ಬ್ಯಾಂಕಿಗೆ ಹೋಗುವುದನ್ನು ಸದ್ಯಕ್ಕೆ ಮುಂದೂಡಿದ್ದೇವೆ ಎಂದರು.