ನಾಯಿ ಬೊಗಳಿದರೆ ಬರ್ಲಿನ್ ಹಾಳೇ?

‘ನಾಯಿ ಬೊಗಳಿದರೆ ದೇವಲೋಕ ಹಾಳೇ’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಬರ್ಲಿನ್‌ನ ಬಾಡಿಗೆ ಮನೆಯಲ್ಲಿ ಬಾಳಿದವರಲ್ಲ. ಇಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಕಾನೂನೇ ವಿಧಿಸಿರುವ ನಿಶ್ಶಬ್ದದ ಅವಧಿಯಿದೆ. ಜರ್ಮನರು ಅದನ್ನು ‘ನಾಖ್ಟ್‌ರೂಹ’ ಎನ್ನುತ್ತಾರೆ. ಹಳೆಯ ಕಟ್ಟಡಗಳ ಮರದ ನೆಲದ ಮೇಲೆ ನಾಯಿಯ ಉಗುರು ತಾಕಿದರೂ ಕೆಳಮನೆಯವರಿಗೆ ಕೇಳಿಸುತ್ತದೆ. ಇನ್ನು ನಡುರಾತ್ರಿಯ ಬೊಗಳುವಿಕೆಯ ಮಾತೇಕೆ?

ನಮ್ಮ ಮನೆಯ ಮಿಶ್ರತಳಿಯ ಕರಿಯ ಎಳೆಮರಿಯಾಗಿದ್ದಾಗ ರಾತ್ರಿಯಿಡೀ ನಿದ್ರಿಸುತ್ತಿದ್ದ. ಎಂಟನೆಯ ತಿಂಗಳು ತುಂಬುತ್ತಿದ್ದಂತೆ ಎಲ್ಲವೂ ತಲೆಕೆಳಗಾಯಿತು. ಒಂದೂವರೆಗೆ ಎದ್ದು ಬಾಗಿಲ ಬಳಿ ಗುರುಗುಟ್ಟುವುದು, ಎರಡಕ್ಕೆ ಚಪ್ಪಲಿ ಕಚ್ಚಿಕೊಂಡು ಓಡಾಡುವುದು, ನಾಲ್ಕಕ್ಕೆ ಕಿಟಕಿಯತ್ತ ಮುಖಮಾಡಿ ಬೊಗಳುವುದು. ತಿಪಟೂರಿನಿಂದ ಅತ್ತೆಯವರು ಫೋನಿನಲ್ಲಿ, ‘ಹೊರಗೆ ಕಟ್ಟಿಹಾಕಬಾರದೇನಮ್ಮಾ?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಚಿರತೆ ಸುಳಿಯುವ ತೋಟದ ಮನೆಯಲ್ಲಿ ರಾತ್ರಿ ಬೊಗಳುವುದೇ ನಾಯಿಯ ಉದ್ಯೋಗ. ಬೊಗಳದ ನಾಯಿಗೆ ಅಲ್ಲಿ ಅನ್ನ ದಂಡ. ಇಲ್ಲಿಯಾದರೋ 2022ರ ಜನವರಿ 1ರಿಂದ ನಾಯಿಯನ್ನು ಕಟ್ಟಿಹಾಕಿ ಸಾಕುವುದನ್ನೇ ನಿಷೇಧಿಸಲಾಗಿದೆ. ಮುಳ್ಳಿನ ಕೊರಳಪಟ್ಟಿಯನ್ನು ತರಬೇತಿಗೆ ಬಳಸುವಂತಿಲ್ಲ, ವಿದ್ಯುತ್ ಆಘಾತ ಕೊಡುವ ಪಟ್ಟಿಯೂ ಸಲ್ಲದು.

ನಾಯಿಗೂ ಹದಿಹರೆಯವಿದೆ ಎಂಬುದು ಸಾಕಿದವರಿಗೆಲ್ಲ ತಿಳಿದದ್ದೇ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಅದಕ್ಕೆ ಆಧಾರವನ್ನೂ ಒದಗಿಸಿತು. ಐದು ತಿಂಗಳಲ್ಲಿ ‘ಕುಳಿತುಕೋ’ ಎಂದರೆ ಕುಳಿತುಕೊಳ್ಳುತ್ತಿದ್ದ ನಾಯಿಗಳು ಎಂಟು ತಿಂಗಳಲ್ಲಿ ಸಾಕಿದವರ ಮಾತನ್ನು ಹೆಚ್ಚು ಅಲಕ್ಷಿಸಿದವು. ಸ್ವಾರಸ್ಯವೆಂದರೆ, ಅದೇ ಮಾತನ್ನು ಅಪರಿಚಿತರು ಹೇಳಿದಾಗ ಹಾಗೆ ಮಾಡಲಿಲ್ಲ! ಮನೆಯಲ್ಲಿ ಹದಿನಾಲ್ಕರ ಮಗನಿರುವ ನನಗೆ ಇದು ಹೊಸ ಸಂಶೋಧನೆ ಎನಿಸಲಿಲ್ಲ. ಆದರೆ ಅಧ್ಯಯನದ ಇನ್ನೊಂದು ಅಂಶ ಸಮಾಧಾನ ತಂದಿತು: ವರ್ಷ ತುಂಬುವ ಹೊತ್ತಿಗೆ ಬಹುಪಾಲು ನಾಯಿಗಳು ಮತ್ತೆ ದಾರಿಗೆ ಬರುತ್ತವೆ. ಅಂದರೆ ಇದೊಂದು ಕಾಲಘಟ್ಟ. ಆ ಕಾಲಘಟ್ಟವನ್ನು ದಾಟುವಷ್ಟರಲ್ಲಿ ನೆರೆಹೊರೆಯ ಸಂಬಂಧ ಉಳಿದಿರುತ್ತದೆಯೇ ಎಂಬುದು ಪ್ರಶ್ನೆ.

ನಮ್ಮವರು ಹೆದರುವುದು ಇಲ್ಲಿಯೇ. ದೂರು ಬಂದರೆ ಮೊದಲು ಅದು ಮುಟ್ಟುವುದು ಮನೆಯೊಡೆಯನನ್ನು. ಆತ ಲಿಖಿತ ಎಚ್ಚರಿಕೆ ಕೊಡಬಹುದು. ಕಿರಿಕಿರಿ ನಿಲ್ಲದಿದ್ದರೆ ಮನೆ ಬಿಡಿಸುವವರೆಗೂ ಸಂಗತಿ ಬೆಳೆಯಬಹುದು. ಅನಗತ್ಯ ಗದ್ದಲಕ್ಕೆ ಕಾನೂನಿನಲ್ಲಿ 5,000 ಯೂರೋವರೆಗೆ ದಂಡಕ್ಕೆ ಅವಕಾಶವಿದೆ. 1993ರಲ್ಲಿ ಕಲೋನ್‌ನ ಉಚ್ಚ ನ್ಯಾಯಾಲಯವು ಒಂದು ವ್ಯಾಜ್ಯದಲ್ಲಿ ನಾಯಿಯ ಬೊಗಳುವಿಕೆಗೆ ಲೆಕ್ಕವನ್ನೇ ಹಾಕಿಕೊಟ್ಟಿತು: ಒಮ್ಮೆಗೆ ಹತ್ತು ನಿಮಿಷ, ದಿನಕ್ಕೆ ಒಟ್ಟು ಮೂವತ್ತು ನಿಮಿಷ ಮೀರಬಾರದು, ಮಧ್ಯಾಹ್ನ ಒಂದರಿಂದ ಮೂರು ಹಾಗೂ ರಾತ್ರಿ ಹತ್ತರಿಂದ ಆರರವರೆಗೆ ಕೇಳಿಸಲೇಬಾರದು. ಅದು ಆ ಪ್ರಕರಣದ ತೀರ್ಪು, ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯಲ್ಲ. ಆದರೂ ನೆರೆಯವರು ಅದನ್ನೇ ಉಲ್ಲೇಖಿಸುವುದುಂಟು. ನಾಯಿಗೆ ಗಡಿಯಾರ ನೋಡಲು ಕಲಿಸುವ ಶಾಲೆ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.

ಇಲ್ಲಿನವರು ದೂರು ಕೊಡುವ ಮುನ್ನ ಗದ್ದಲದ ದಿನಚರಿ ಬರೆದಿಡುತ್ತಾರೆ: ದಿನಾಂಕ, ಗಂಟೆ, ಎಷ್ಟು ಹೊತ್ತು. ಅದೇ ಅಸ್ತ್ರವನ್ನು ನಾವೇ ಕೈಗೆತ್ತಿಕೊಂಡೆವು. ಹಾಸಿಗೆಯ ಪಕ್ಕದಲ್ಲೊಂದು ನೋಟ್‌ಪುಸ್ತಕ. ಕರಿಯ ಎದ್ದಾಗಲೆಲ್ಲ ಒಂದು ಸಾಲು. ಮೂರು ವಾರಗಳಲ್ಲಿ ಚಿತ್ರ ನಿಚ್ಚಳವಾಯಿತು. ಒಂದೂವರೆಯ ಗಲಾಟೆ ವಾರದ ಐದು ದಿನ ಮಾತ್ರ. ಅದು ಮೇಲಿನ ಮಹಡಿಯವರು ರಾತ್ರಿಪಾಳಿ ಮುಗಿಸಿ ಮೆಟ್ಟಿಲೇರುವ ಹೊತ್ತು. ನಾಲ್ಕರ ಗಲಾಟೆಗೆ ಕಾರಣ ಬೆಳಕು. ಜೂನ್‌ನಲ್ಲಿ ಬರ್ಲಿನ್‌ಗೆ ಸೂರ್ಯ ಬರುವುದೇ ನಾಲ್ಕೂ ಮುಕ್ಕಾಲಿಗೆ ಮೊದಲು, ಬೆಳಕು ಅದಕ್ಕೂ ಮುಂಚೆ. ‘ಚೆನ್ನಾಗಿ ದಣಿಸಿ, ತಾನೇ ಮಲಗುತ್ತದೆ’ ಎಂಬುದು ಎಲ್ಲರೂ ಕೊಡುವ ಸಲಹೆ. ನಮ್ಮ ಪುಸ್ತಕ ಬೇರೆಯದನ್ನೇ ಹೇಳಿತು: ಸಂಜೆ ಚೆಂಡೆಸೆದು ಓಡಿಸಿದ ದಿನಗಳಲ್ಲೇ ರಾತ್ರಿ ಹೆಚ್ಚು ಕೆಟ್ಟಿತ್ತು. ಅತಿಯಾಗಿ ಆಡಿದ ಮಗು ನಿದ್ದೆಗೆ ಹಟ ಹಿಡಿಯುವುದನ್ನು ಕಂಡ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲು ಪಶುವೈದ್ಯರಿಗೆ ತೋರಿಸಿದೆವು. ಮೂತ್ರದ ಸೋಂಕು, ತುರಿಕೆ, ಹೊಟ್ಟೆನೋವು ಇವುಗಳಿಂದಲೂ ನಾಯಿ ರಾತ್ರಿ ಏಳುತ್ತದೆ. ಅದನ್ನು ತಳ್ಳಿಹಾಕದೆ ಶಿಸ್ತಿನ ಮಾತಾಡುವುದು ಅನ್ಯಾಯ. ಅನಂತರ ಮಾಡಿದ್ದೆಲ್ಲ ಸಣ್ಣ ಸಣ್ಣ ಬದಲಾವಣೆಗಳೇ. ಊಟ ಸಂಜೆ ಆರಕ್ಕೆ, ಕೊನೆಯ ಸುತ್ತು ಹತ್ತೂವರೆಗೆ. ಓಟವೆಲ್ಲ ಬೆಳಗ್ಗೆ, ಗ್ರೂನೆವಾಲ್ಡ್ ಕಾಡಿನಲ್ಲಿ ನಾಯಿಗಳಿಗೆಂದೇ ಬಿಟ್ಟಿರುವ ಜಾಗದಲ್ಲಿ. ಸಂಜೆ ನಿಧಾನವಾಗಿ ಮೂಸುತ್ತಾ ನಡೆಯುವ ತಿರುಗಾಟ ಮಾತ್ರ. ಕಿಟಕಿಗೆ ದಪ್ಪ ಪರದೆ. ಮಲಗುವ ಚಾಪೆ ಹೊರಬಾಗಿಲಿನಿಂದ ನಮ್ಮ ಕೋಣೆಗೆ ಬಂತು. ‘ಅಳಲಿ ಬಿಡಿ, ತಾನೇ ಸುಮ್ಮನಾಗುತ್ತದೆ’ ಎಂಬ ಜರ್ಮನ್ ಸ್ನೇಹಿತರ ಸಲಹೆಯನ್ನು ನಾನು ಒಪ್ಪಲಿಲ್ಲ. ಹತ್ತು ಮನೆಗಳ ಕಟ್ಟಡದಲ್ಲಿ ಅಳುವುದು ನಾಯಿ ಒಂದೇ, ಎಚ್ಚರಾಗುವವರು ಹತ್ತು ಮನೆಯವರು. ಗದರಿದರೂ ಪ್ರಯೋಜನವಿಲ್ಲ, ನಾವೂ ಜತೆಗೂಡಿ ಬೊಗಳುತ್ತಿದ್ದೇವೆ ಎಂದೇ ಅದು ತಿಳಿಯುವಂತೆ ತೋರುತ್ತದೆ. ತಗ್ಗಿದ ದನಿಯಲ್ಲಿ ಒಂದು ಮಾತು, ದೀಪ ಹಾಕದೆ ಬೆನ್ನ ಮೇಲೊಂದು ಕೈ, ಅಷ್ಟೇ.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಹಾಳೆ. ಮನೆಯಲ್ಲಿ ಸಮಾರಂಭವಿದ್ದರೆ ಮೆಟ್ಟಿಲ ಬಳಿ ಮುಂಚಿತವಾಗಿ ಸೂಚನೆ ಅಂಟಿಸುವ ರೂಢಿ ಇಲ್ಲಿದೆ. ನಾವೂ ಬರೆದು ಅಂಟಿಸಿದೆವು: ನಮ್ಮ ನಾಯಿಗೆ ಹದಿಹರೆಯ, ಕೆಲವು ತಿಂಗಳು ಕಷ್ಟವಿದೆ, ಇಂತಿಂಥ ಪ್ರಯತ್ನ ನಡೆದಿದೆ, ತೊಂದರೆಯಾದರೆ ಈ ಸಂಖ್ಯೆಗೆ ಕರೆ ಮಾಡಿ. ಕೆಳಮನೆಯ ವೃದ್ಧೆ ಅದರಡಿಯಲ್ಲೇ ಪೆನ್ಸಿಲಿನಲ್ಲಿ, ಮಂಗಳವಾರ ತಮಗೆ ಬೇಗ ಏಳಬೇಕಾಗಿದೆ ಎಂದಷ್ಟೇ ಬರೆದರು. ಜರ್ಮನರು ಗದ್ದಲವನ್ನು ಸಹಿಸುವುದಿಲ್ಲ ಎಂದು ನಮ್ಮವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅವರು ಸಹಿಸದಿರುವುದು ಮುನ್ಸೂಚನೆಯಿಲ್ಲದ ಗದ್ದಲವನ್ನು.

ಇಷ್ಟೆಲ್ಲ ಬರೆಯಲು ಕಾರಣವಿದೆ. ‘ಮಗು ಒಂಟಿಯಾಗಿದೆ, ಜರ್ಮನಿಗೆ ಬಂದೊಡನೆ ಒಂದು ನಾಯಿಮರಿ ತರುತ್ತೇವೆ’ ಎನ್ನುವ ದಂಪತಿಗಳು ನನಗೆ ಆಗಾಗ ಪತ್ರ ಬರೆಯುತ್ತಾರೆ. ತರಬೇಡಿ ಎನ್ನಲಾರೆ, ಬಂದೊಡನೆ ತರಬೇಡಿ. ಉದ್ಯೋಗದ ಮೊದಲ ಆರು ತಿಂಗಳು ಸಾಮಾನ್ಯವಾಗಿ ಪರೀಕ್ಷಾವಧಿ. ನಿದ್ದೆಗೆಟ್ಟ ಕಣ್ಣುಗಳಲ್ಲಿ ಹೊಸ ಭಾಷೆಯನ್ನೂ ಹೊಸ ಮೇಲಧಿಕಾರಿಯನ್ನೂ ಎದುರಿಸುವುದು ಸುಲಭವಲ್ಲ. ನಾಯಿಗಳನ್ನು ಸಾರಾಸಗಟಾಗಿ ನಿಷೇಧಿಸುವ ಬಾಡಿಗೆ ಕರಾರಿನ ಷರತ್ತು ಸಿಂಧುವಲ್ಲವೆಂದು ಒಕ್ಕೂಟದ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲಿ ಹೇಳಿದ್ದರೂ, ಪ್ರತಿಯೊಂದು ಪ್ರಕರಣವನ್ನೂ ಬೇರೆಯಾಗಿ ತೂಗಬೇಕೆಂದೂ ಹೇಳಿದೆ. ಆದ್ದರಿಂದ ಮನೆಯೊಡೆಯನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ ತೆರಿಗೆ. ಹೊಣೆಗಾರಿಕೆ ವಿಮೆ ಕಡ್ಡಾಯ. ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಹೊಸದಾಗಿ ನಾಯಿ ಸಾಕುವವರು ತಾವೇ ಪರೀಕ್ಷೆ ಬರೆಯಬೇಕು.

ಮರಿಯೇ ಬೇಕೆಂಬ ಹಟವೂ ಬೇಡ. ಬರ್ಲಿನ್‌ನ ಫಾಲ್ಕೆನ್‌ಬೆರ್ಗ್‌ನಲ್ಲಿರುವಂಥ ಪ್ರಾಣಿ ಆಶ್ರಯಧಾಮಗಳಲ್ಲಿ ಹದಿಹರೆಯ ದಾಟಿದ ನಾಯಿಗಳು ಮನೆಗಾಗಿ ಕಾಯುತ್ತಿವೆ. ಅವುಗಳ ಸ್ವಭಾವ ಏನೆಂದು ಅಲ್ಲಿನ ಸಿಬ್ಬಂದಿ ಮೊದಲೇ ತಿಳಿಸುತ್ತಾರೆ. ಎಂಟು ತಿಂಗಳ ನಾಯಿಯನ್ನು ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಮರಳಿಸಿದ ಪರಿಚಿತರ ಮನೆಯನ್ನೂ ಕಂಡಿದ್ದೇನೆ. ಅಲ್ಲಿನ ಹುಡುಗಿ ವಾರಗಟ್ಟಲೆ ಖಾಲಿ ಬಟ್ಟಲನ್ನು ತೊಳೆದು ಅದೇ ಜಾಗದಲ್ಲಿಡುತ್ತಿದ್ದಳು.

ಕರಿಯನಿಗೆ ಈಗ ಹದಿಮೂರು ತಿಂಗಳು. ಮೇಲಿನವರು ಮೆಟ್ಟಿಲೇರಿದಾಗ ಒಂದು ಕಿವಿ ನಿಮಿರುತ್ತದೆ, ಅಷ್ಟೇ. ಆದರೂ ಬೇಸಿಗೆಯಲ್ಲಿ ನಾಲ್ಕು ವಾರ ಊರಿಗೆ ಬರುತ್ತೇವೆಂದು ಅತ್ತೆಯವರಿಗೆ ಕೊಟ್ಟ ಮಾತನ್ನು ಎರಡು ವಾರಕ್ಕೆ ಇಳಿಸಬೇಕಾಗಿದೆ. ಅವನನ್ನು ಹೆಚ್ಚು ದಿನ ಬಿಟ್ಟುಬರಲು ಇನ್ನೂ ಧೈರ್ಯವಿಲ್ಲ.