ಕಾರಿನ ಬಲ್ಬು ಪದೇ ಪದೇ ಹೋಗುವುದೇಕೆ?

2016ರ ಮಳೆಗಾಲ. ಒಂದು ಸಂಜೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮಗನೊಂದಿಗೆ ಮನೆಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಸುಟ್ಟುಹೋದ ನಾಲ್ಕು ಹೆಡ್‌ಲೈಟ್ ಬಲ್ಬುಗಳು.

"ಮೇಷ್ಟ್ರೇ, ಮೂರು ತಿಂಗಳಲ್ಲಿ ನಾಲ್ಕು ಹೋಯ್ತು. ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಡ್ತಿದ್ದಾನೆ. ಅವನ ಮುಂದೆ ಸುರೀಬೇಕು ಅಂತ ಎತ್ತಿಟ್ಟಿದ್ದೀನಿ" ಎಂದರು.

ಅವರ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವಾರ ರಾತ್ರಿ ಆಗುಂಬೆ ಘಾಟಿ ಇಳಿಯುವಾಗ ಬಲಗಡೆಯ ದೀಪ ಆರಿಹೋಗಿತ್ತು. ಮಳೆ, ಮಂಜು, ಹದಿನಾಲ್ಕು ಕಡಿದಾದ ತಿರುವುಗಳ ದಾರಿ. ಎದುರಿನಿಂದ ಹತ್ತಿ ಬಂದ ಮಿನಿ ಬಸ್ಸಿನ ಚಾಲಕನಿಗೆ ಕಂಡದ್ದು ರಸ್ತೆಯಂಚಿನ ಒಂದೇ ದೀಪ. ಬೈಕೆಂದುಕೊಂಡು ಬೈಕಿಗೆ ಬೇಕಾದಷ್ಟೇ ಜಾಗ ಬಿಟ್ಟ. ಆ ದೀಪದ ಬಲಕ್ಕೆ ಇಡೀ ಕಾರಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಇವರು ಅಂಚಿನ ಕಟ್ಟೆಗೆ ತಾಗುವಷ್ಟು ಎಡಕ್ಕೆ ತಿರುಗಿಸಿ ಪಾರಾದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು ಇದ್ದರು.

"ಜಗಳ ನಾಳೆ ಆಡಬಹುದು. ಮೊದಲು ಈ ಬಲ್ಬುಗಳನ್ನು ನೋಡೋಣ" ಎಂದು ಮೇಜಿನ ಮೇಲೆ ಬಿಳಿ ಕಾಗದ ಹಾಸಿದೆ.

ತಂತುವಿನ ಆಯಸ್ಸು

ಬಲ್ಬಿನೊಳಗಿನ ತಂತು ಟಂಗ್‌ಸ್ಟನ್ ಲೋಹದ್ದು. ಅದು ಕರಗಲು ಸುಮಾರು 3400 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಅಷ್ಟು ಕಾಯದಿದ್ದರೂ ಉರಿಯುವಾಗಲೆಲ್ಲ ತಂತುವಿನ ಮೇಲ್ಮೈಯಿಂದ ಲೋಹ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಎಲ್ಲೋ ಒಂದು ಕಡೆ ತಂತು ಸಣ್ಣಗಾಗುತ್ತದೆ. ಸಣ್ಣಗಾದಲ್ಲಿ ವಿದ್ಯುತ್ತಿಗೆ ರೋಧ ಹೆಚ್ಚು, ಆದ್ದರಿಂದ ಕಾವೂ ಹೆಚ್ಚು, ಆವಿಯಾಗುವುದೂ ಹೆಚ್ಚು. ಕೊನೆಗೊಂದು ದಿನ ಅಲ್ಲೇ ತುಂಡಾಗುತ್ತದೆ.

ಬಲ್ಬುಗಳು ಸಾಮಾನ್ಯವಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದನ್ನು ನೀವು ಗಮನಿಸಿರಬಹುದು. ತಣ್ಣಗಿರುವ ತಂತುವಿನ ರೋಧ, ಉರಿಯುವ ತಂತುವಿನ ರೋಧದ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಹಾಗಾಗಿ ಮೊದಲ ಕ್ಷಣದಲ್ಲಿ ಹಲವು ಪಟ್ಟು ವಿದ್ಯುತ್ ನುಗ್ಗುತ್ತದೆ. ಸವೆದ ಜಾಗ ಅದನ್ನು ತಾಳಲಾರದು.

ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬಿನಲ್ಲಿ ಒಂದು ಜಾಣ ಉಪಾಯವಿದೆ. ಒಳಗಿನ ಅನಿಲದಲ್ಲಿ ಸ್ವಲ್ಪ ಅಯೋಡಿನ್ ಅಥವಾ ಬ್ರೋಮಿನ್ ಸೇರಿಸಿರುತ್ತಾರೆ. ಅದು ಆವಿಯಾದ ಟಂಗ್‌ಸ್ಟನ್ನಿನೊಡನೆ ಕೂಡಿ, ಗಾಜಿನ ಮೇಲೆ ಕೂರಲು ಬಿಡದೆ, ಮರಳಿ ತಂತುವಿಗೇ ತಲುಪಿಸುತ್ತದೆ. ಈ ಕ್ರಿಯೆ ನಡೆಯಲು ಗಾಜು ಸುಮಾರು 250 ಡಿಗ್ರಿಗಿಂತ ಹೆಚ್ಚು ಬಿಸಿಯಿರಬೇಕು. ಅದಕ್ಕೇ ಆ ಗಾಜಿನ ಬುರುಡೆ ಚಿಕ್ಕದು. ಅದನ್ನು ಕ್ವಾರ್ಟ್ಸ್ ಅಥವಾ ಗಟ್ಟಿ ಗಾಜಿನಿಂದ ಮಾಡುತ್ತಾರೆ.

ಸತ್ತ ಬಲ್ಬಿನ ಮಹಜರು

ಹೋದ ಬಲ್ಬನ್ನು ತಕ್ಷಣ ಎಸೆಯಬೇಡಿ. ಭೂತಗನ್ನಡಿ ಹಿಡಿದು ನೋಡಿ. ಅಪಘಾತದ ವೇಳೆ ವಾಹನದ ದೀಪ ಉರಿಯುತ್ತಿತ್ತೇ ಇಲ್ಲವೇ ಎಂಬುದನ್ನು ತನಿಖಾ ತಜ್ಞರು ತಂತುವನ್ನು ನೋಡಿಯೇ ಹೇಳುವುದುಂಟು. ಕಾದ ತಂತು ಹೊಡೆತಕ್ಕೆ ಹಿಗ್ಗಿ ಎಳೆದುಕೊಳ್ಳುತ್ತದೆ, ತಣ್ಣಗಿರುವುದು ಪಟಕ್ಕನೆ ಮುರಿಯುತ್ತದೆ.

ಗಾಜು ಒಳಗಿನಿಂದ ಕಪ್ಪಾಗಿ, ತುಂಡಾದ ತುದಿಗಳು ಕರಗಿ ಗುಂಡಗಾಗಿದ್ದರೆ ಅದು ಮುಪ್ಪಿನ ಸಾವು, ಇಲ್ಲವೇ ಅತಿಯಾದ ವೋಲ್ಟೇಜಿನ ಫಲ. ಹೊಸ ಬಲ್ಬೇ ಹೀಗಾಗಿದ್ದರೆ ವೋಲ್ಟೇಜಿನ ಮೇಲೆ ಅನುಮಾನ. ಗಾಜು ತಿಳಿಯಾಗಿದ್ದು ತಂತು ಚೂಪಾಗಿ ಮುರಿದಿದ್ದರೆ ಅಲುಗಾಟ. ಒಳಗೆಲ್ಲ ಬಿಳಿ ಇಲ್ಲವೇ ಹಳದಿ ಪುಡಿ ಕೂತಿದ್ದರೆ ಗಾಜು ಬಿರಿದು ಗಾಳಿ ಒಳನುಗ್ಗಿದೆ, ಟಂಗ್‌ಸ್ಟನ್ ಆಕ್ಸೈಡ್ ಆಗಿದೆ ಎಂದರ್ಥ.

ನಮ್ಮ ಡಬ್ಬಿಯ ನಾಲ್ಕರಲ್ಲಿ ಎರಡರ ಗಾಜಿನ ಮೇಲೆ ಹಾಲಿನ ಬಣ್ಣದ ಕಲೆಯಿತ್ತು. ಒಂದರಲ್ಲಿ ಆ ಜಾಗ ಬೊಕ್ಕೆಯಂತೆ ಉಬ್ಬಿತ್ತು. ಉಳಿದೆರಡರ ತಂತು ಚೂಪಾಗಿ ಮುರಿದಿತ್ತು.

ಎರಡೂ ಬದಿಯೋ, ಒಂದೇ ಬದಿಯೋ?

"ಎಡಗಡೆಯದು ಎಷ್ಟು ಸಲ ಹೋಗಿದೆ?" ಎಂದು ಕೇಳಿದೆ. ಒಮ್ಮೆಯೂ ಇಲ್ಲ! ಅದೇ ಅಂಗಡಿಯ, ಅದೇ ಕಂಪನಿಯ ಬಲ್ಬು ವರ್ಷದಿಂದ ಉರಿಯುತ್ತಿತ್ತು.

ಎರಡೂ ದೀಪಗಳಿಗೆ ವಿದ್ಯುತ್ ಬರುವುದು ಒಂದೇ ಬ್ಯಾಟರಿಯಿಂದ, ಒಂದೇ ಆಲ್ಟರ್ನೇಟರಿನಿಂದ. ವೋಲ್ಟೇಜು ಹೆಚ್ಚಾಗಿದ್ದರೆ ಎರಡೂ ಬದಿಯವು ಹೋಗಬೇಕಿತ್ತು. ಮಾಲು ಕೆಟ್ಟದ್ದಾಗಿದ್ದರೂ ಅಷ್ಟೇ. ಬಲಗಡೆಯದೇ ಹೋಗುತ್ತಿದೆ ಎಂದರೆ ಕಾರಣ ಬಲಗಡೆಯಲ್ಲೇ ಇರಬೇಕು.

"ಬಲ್ಬು ಹಾಕುವವರು ಯಾರು?" ಎಂದೆ. ಹುಡುಗ ಹೆಮ್ಮೆಯಿಂದ "ನಾನೇ ಸಾರ್" ಎಂದ. "ಹೇಗೆ ಹಾಕ್ತೀಯೋ, ತೋರಿಸು ನೋಡೋಣ" ಎಂದು ಅಂಗಳಕ್ಕೆ ಹೋದೆವು.

ಆ ಕಾರಿನಲ್ಲಿ ಬಲ ದೀಪದ ಬೆನ್ನಿಗೇ ಬ್ಯಾಟರಿ ಕೂತಿತ್ತು. ಕೈ ತೂರಲು ಜಾಗವಿಲ್ಲ. ಹುಡುಗ ಬಲ್ಬಿನ ಗಾಜನ್ನೇ ಬೆರಳುಗಳಿಂದ ಹಿಡಿದು, ಕಣ್ಣಿಗೆ ಕಾಣದ ಜಾಗದಲ್ಲಿ ತಡಕಾಡಿ ಕೂರಿಸಿದ. ಅದನ್ನು ಒತ್ತಿ ಹಿಡಿಯುವ ತಂತಿಯ ಕ್ಲಿಪ್ಪು ಒಂದು ಬದಿಯಲ್ಲಿ ಮಾತ್ರ ಸಿಕ್ಕಿಕೊಂಡಿತ್ತು. ಎಡಗಡೆ ಜಾಗ ವಿಶಾಲ, ಅಲ್ಲಿ ಈ ತಾಪತ್ರಯವೇ ಇಲ್ಲ.

ಬೆರಳಿನ ಜಿಡ್ಡು, ಬೆವರಿನ ಉಪ್ಪು ಹ್ಯಾಲೊಜನ್ ಬಲ್ಬಿನ ಗಾಜಿಗೆ ಹತ್ತಿದರೆ ಕಾವಿಗೆ ಅಲ್ಲೇ ಸುಟ್ಟು ಕಚ್ಚಿಕೊಳ್ಳುತ್ತವೆ. ಆ ಜಾಗ ಸುತ್ತಲಿಗಿಂತ ಹೆಚ್ಚು ಕಾದು ಬೆಳ್ಳಗಾಗುತ್ತದೆ, ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಇನ್ನು ಸಡಿಲವಾಗಿ ಕೂತ ಬಲ್ಬು ನಮ್ಮ ರಸ್ತೆಗಳ ಕುಲುಕಾಟಕ್ಕೆ ಎಷ್ಟು ದಿನ ಬಾಳೀತು?

ಬ್ಯಾಟರಿಯನ್ನು ಬಿಚ್ಚಿ ತೆಗೆದೆವು. ಹೊಸ ಬಲ್ಬನ್ನು ಸ್ಪಿರಿಟ್ಟಿನಿಂದ ಒರೆಸಿ, ಬುಡದ ಲೋಹವನ್ನಷ್ಟೇ ಹಿಡಿದು ಕೂರಿಸಿ, ಕ್ಲಿಪ್ಪನ್ನು ಎರಡೂ ಕಡೆ ಸಿಕ್ಕಿಸಿದೆವು. ಆ ಬಲ್ಬು ಮುಂದಿನ ಮಳೆಗಾಲವನ್ನೂ ದಾಟಿತು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂದು ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುವವನು ನಾನು. ಅಂದು ಎರಡನ್ನೂ ಒಟ್ಟಿಗೇ ಸರಿಪಡಿಸಿದೆ. ಹೆಚ್ಚು ಬಲ್ಬುಗಳನ್ನು ಕೊಂದದ್ದು ಜಿಡ್ಡೋ, ಕುಲುಕಾಟವೋ ಎಂದು ಈಗ ಹೇಳಲಾರೆ. ಆದರೆ ಆ ಕುಟುಂಬ ಮತ್ತೆ ರಾತ್ರಿ ಘಾಟಿ ಇಳಿಯುವುದಿತ್ತು. ಕಾದು ನೋಡುವ ಪ್ರಯೋಗ ಅದಾಗಿರಲಿಲ್ಲ.

ಎರಡೂ ಹೋಗುತ್ತಿದ್ದರೆ ಅಳೆಯಿರಿ

ಆಗ ಬೇಕಾದದ್ದು ಒಂದು ಮಲ್ಟಿಮೀಟರ್. 20 ವೋಲ್ಟಿನ ಡಿಸಿ ಗುರುತಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗಳಿಗೆ ಹಿಡಿಯಿರಿ. ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. ಎಂಜಿನ್ ಚಾಲೂ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 13.8ರಿಂದ 14.5ರ ಆಸುಪಾಸು ಇರಬೇಕು. 15 ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಪರೀಕ್ಷಿಸಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ. ಅಂಥವನ್ನು ಬಲ್ಲವರಿಗೆ ತೋರಿಸಿ.

ಅರ್ಧ ವೋಲ್ಟಿಗೆ ಇಷ್ಟೇಕೆ ಗಲಾಟೆ ಎನ್ನಬೇಡಿ. 14 ವೋಲ್ಟ್ 14.7 ಆದರೆ ಏರಿಕೆ ಶೇ. 5 ಮಾತ್ರ. ಬೆಳಕು ಶೇ. 18ರಷ್ಟು ಹೆಚ್ಚುತ್ತದೆ, ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದ್ದರೂ ಎಂಜಿನ್ ಓಡುವಾಗ ವೋಲ್ಟೇಜು ಥಟ್ಟನೆ ನೆಗೆಯುತ್ತದೆ. ಅದನ್ನೂ ನೋಡಿ.

ದೀಪ ಮಂಕಾಗಿದ್ದರೆ ಅಥವಾ ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಮಿಣುಕಿದರೆ, ಅರ್ಥಿಂಗ್ ತಂತಿಗೆ ತುಕ್ಕು ಹಿಡಿದಿರುವ ಸಂಭವ ಹೆಚ್ಚು. ಅಲ್ಲಿ ಬಲ್ಬು ಸುಟ್ಟಿರುವುದೇ ಇಲ್ಲ, ಆದರೂ ನಾವು ಹೊಸದು ಕೊಳ್ಳುತ್ತೇವೆ. ಬ್ರೇಕ್ ಲೈಟು ಮೇಲಿಂದ ಮೇಲೆ ಹೋದರೆ ಪೆಡಲ್ ಬಿಟ್ಟ ಮೇಲೂ ಅದು ಉರಿಯುತ್ತಿದೆಯೇ ನೋಡಿ, ಸ್ವಿಚ್ ಸಿಕ್ಕಿಕೊಂಡಿರಬಹುದು. ಬೆಳಕು ಸಾಲದೆಂದು 60/55 ವ್ಯಾಟಿನ ಜಾಗಕ್ಕೆ 100/90 ಹಾಕಿಸಬೇಡಿ. ಹೋಲ್ಡರ್ ಕರಗುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ.

ಮಕ್ಕಳು ಈ ಕೆಲಸಗಳನ್ನು ದೊಡ್ಡವರ ಜೊತೆಗೇ ಮಾಡಬೇಕು. 12 ವೋಲ್ಟ್ ಶಾಕ್ ಹೊಡೆಯದು, ನಿಜ. ಆದರೆ ಸ್ಪ್ಯಾನರೋ ಉಂಗುರವೋ ಬ್ಯಾಟರಿಯ ಎರಡೂ ತುದಿಗೆ ತಗುಲಿದರೆ ಕೆಂಪಗೆ ಕಾದು ಸುಡುತ್ತದೆ. ಉಂಗುರ, ಗಡಿಯಾರ ಬಿಚ್ಚಿಡಿ. ಓಡುವ ಬೆಲ್ಟಿನಿಂದ ದೂರವಿರಿ. ಬ್ಯಾಟರಿಯ ಬಳಿ ಬೆಂಕಿ ಬೇಡ.

ಈ ವಾರದ ಕೆಲಸ: 12 ವೋಲ್ಟ್, 5 ವ್ಯಾಟಿನ ಚಿಕ್ಕ ಬಲ್ಬೊಂದನ್ನು ತನ್ನಿ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ 28.8 ಓಮ್ ಬರುತ್ತದೆ. ಈಗ ಮೀಟರಿನಿಂದ ಅಳೆಯಿರಿ. ಅಷ್ಟು ಬರುವುದಿಲ್ಲ. ಏಕೆಂಬ ಉತ್ತರ ಮೇಲೆಯೇ ಇದೆ, ಹುಡುಕಿ.

ಅಂದ ಹಾಗೆ, ಆ ತಂದೆ ಮರುದಿನ ಅಂಗಡಿಗೆ ಹೋದರಂತೆ. ಜಗಳಕ್ಕಲ್ಲ, ಒಂದು ಬಲ್ಬು ಹೆಚ್ಚಿಗೆ ಕೊಂಡು ಕಾರಿನಲ್ಲಿಟ್ಟುಕೊಳ್ಳಲು.