ಒಂದು ವಿಳಾಸ, ನೂರಾರು ಮನೆ: ಹಂಚಿಕೆಯ ಇಂಟರ್ನೆಟ್ ನಮ್ಮೂರಿಗೆ ಸಾಕೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಿಗೂ ಫೈಬರ್ ನೆಟ್ ಬಂದಿದೆ. ಆದರೆ ನೆಟ್‌ನಲ್ಲಿ ಸಂಪರ್ಕಗಳನ್ನು ಗುರುತಿಸುವ ಹಳೆಯ ಐಪಿವಿ4 ಪದ್ಧತಿಯ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿ 3ರಂದೇ ಬರಿದಾಯಿತು. ಹಾಗಾಗಿ ಹಂಚಿಕೆಯೇ ದಾರಿ: ಮನೆಯ ರೂಟರ್ ಮೊಬೈಲು, ಟಿವಿಗಳನ್ನೆಲ್ಲ ಒಂದು ವಿಳಾಸದಡಿ ತರುತ್ತದೆ (ನ್ಯಾಟ್). ಅಂಥ ಹಲವು ಮನೆಗಳನ್ನು ಕಂಪನಿಯ ಯಂತ್ರ ಇನ್ನೊಂದು ವಿಳಾಸದ ಹಿಂದೆ ಕೂಡಿಸುತ್ತದೆ (ಸಿಜಿನ್ಯಾಟ್). ಈ ಪದರದ ಮೇಲಿನ ಪದರ ಒಪ್ಪತಕ್ಕದ್ದೇ?

ಪರ: ಇದ್ದುದರಲ್ಲೇ ಎಲ್ಲರಿಗೂ ನೆಟ್

ತಾಲೂಕು ಮಟ್ಟದ ಸಣ್ಣ ಕಂಪನಿಯ ಕಷ್ಟ ನೋಡಿ. ಏಷ್ಯಾ-ಪೆಸಿಫಿಕ್ ವಲಯದಲ್ಲಿ ವಿಳಾಸ ಹಂಚುವ ಎಪಿನಿಕ್, 2019ರ ಫೆಬ್ರುವರಿಯಿಂದ ಹೊಸಬರಿಗೆ ಕೊಡುವುದು ಹೆಚ್ಚೆಂದರೆ 512 ವಿಳಾಸ. ಮನೆಗೊಂದರಂತೆ ಕೊಟ್ಟರೆ ಒಂದೆರಡು ಓಣಿಗೇ ಮುಗಿಯಿತು. ಹೆಚ್ಚು ಬೇಕೆಂದರೆ ಪೇಟೆಯಲ್ಲಿ ಡಾಲರ್ ತೆತ್ತು ಕೊಳ್ಳಬೇಕು. ಆ ಭಾರ ತಿಂಗಳ ಬಿಲ್ಲಿಗೇ ಬೀಳುತ್ತದೆ.

ಒಂದು ವಿಳಾಸಕ್ಕೆ 65,536 ಪೋರ್ಟ್‌ಗಳು, ಅಂದರೆ ಸಂಪರ್ಕಗಳನ್ನು ಬೇರ್ಪಡಿಸುವ ಸಂಖ್ಯೆಗಳು. 64 ಮನೆಗೆ ಹಂಚಿದರೆ ತಲಾ 1,024. ಆ ಲೆಕ್ಕದಲ್ಲಿ 512 ವಿಳಾಸಗಳಿಂದ 32,768 ಮನೆಗಳು ನಡೆಯುತ್ತವೆ. ಕಂಪನಿ ಮತ್ತು ಮನೆಗಳ ನಡುವಿನ ಒಳಬಳಕೆಗೆಂದೇ 2012ರಲ್ಲಿ 100.64ರಿಂದ ಶುರುವಾಗುವ ಸುಮಾರು 42 ಲಕ್ಷ ವಿಳಾಸಗಳನ್ನು ತೆಗೆದಿಟ್ಟರು. ಹಾಗಾಗಿ ಇದು ಕದ್ದುಮುಚ್ಚಿ ಮಾಡುವ ಕೆಲಸವೂ ಅಲ್ಲ. ಯೂಟ್ಯೂಬು, ಫೋನ್‌ಪೇ, ಆನ್‌ಲೈನ್ ಅರ್ಜಿಗಳಿಗೆ ಇಷ್ಟು ಸಾಕು. ಹೊರಗಿನವರು ಮನೆಯ ಯಂತ್ರವನ್ನು ನೇರವಾಗಿ ತಟ್ಟಲಾರರೆಂಬ ಲಾಭ ಬೇರೆ.

ವಿರೋಧ: ನೋಡುವ ಹಕ್ಕು ಮಾತ್ರ, ನಡೆಸುವ ಹಕ್ಕಿಲ್ಲ

ಹೊರಗಿನವರು ನೇರವಾಗಿ ತಟ್ಟಲಾರರೆಂಬ ಆ ಲಾಭವೇ ತೊಡಕು. ಊರಿಗೊಂದೇ ಅಗಸಿ ಇದ್ದು, ಬಂದವರಿಗೆ ಯಾರ ಮನೆ ಎಲ್ಲಿದೆ ಎಂದು ಹೇಳುವವರಿಲ್ಲದಂತಾಗಿದೆ. ಶಹಾಬಾದಿನ ಫರ್ಸಿ ಪಾಲಿಶ್ ಘಟಕದ ಮಾಲೀಕರು ಕಲಬುರಗಿಯಲ್ಲಿ ಕೂತು ತಮ್ಮ ಕ್ಯಾಮೆರಾದ ಡಿವಿಆರ್ ಅನ್ನು ನೇರವಾಗಿ ತೆರೆಯಲಾರರು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಮೇಲಿನ ಪದರ ಅವರ ಕೈಯಲ್ಲಿಲ್ಲ. ಬೇರೆಯವರ ಕ್ಲೌಡ್ ಹಾಯಬೇಕು, ಇಲ್ಲವೇ ಸ್ಟ್ಯಾಟಿಕ್ ಐಪಿಗೆ (ಬದಲಾಗದ ಸ್ವಂತ ವಿಳಾಸಕ್ಕೆ) ಪ್ರತ್ಯೇಕ ಹಣ ಕಟ್ಟಬೇಕು.

64 ಮನೆಯ ಲೆಕ್ಕವೂ ಕಾಗದದ್ದು. ಉಳಿತಾಯಕ್ಕೆಂದು 512 ಮನೆಗಳನ್ನು ತುರುಕಿದರೆ ತಲಾ 128 ಪೋರ್ಟ್. ನಾಲ್ಕು ಮೊಬೈಲು, ಒಂದು ಟಿವಿ ಇರುವ ಮನೆಯಲ್ಲಿ ಪುಟಗಳು ಅರ್ಧಕ್ಕೇ ನಿಲ್ಲುತ್ತವೆ. ಹಂಚಿಕೊಂಡವರಲ್ಲಿ ಒಬ್ಬ ಸ್ಪ್ಯಾಮ್ ಕಳಿಸಿದರೂ ವಿಳಾಸವೇ ಕಪ್ಪುಪಟ್ಟಿ ಸೇರಿ, ಪಕ್ಕದ ಮನೆಯವರು ಕ್ಯಾಪ್ಚಾ ಬಿಡಿಸುತ್ತ ಕೂರಬೇಕು. ಅಪರಾಧ ನಡೆದಾಗ ವಿಳಾಸದ ಜತೆ ಪೋರ್ಟ್ ಸಂಖ್ಯೆ, ನಿಖರ ವೇಳೆ ಎರಡೂ ಸಿಗದಿದ್ದರೆ ಮಾಡಿದವನ್ಯಾರು, ಮಾಡದವನ್ಯಾರು ಎಂದು ಬೇರ್ಪಡಿಸಲಾಗದು. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲೇ ಸಿಜಿನ್ಯಾಟ್ ಕೊನೆಗೊಳಿಸಿ ಎಂದಿದ್ದು ಈ ಕಾರಣಕ್ಕೆ. ಇನ್ನು ರಕ್ಷಣೆ ಫೈರ್‌ವಾಲ್ ಕೊಡುವ ಕೆಲಸ; ಅದಕ್ಕೆ ನ್ಯಾಟ್ ಬೇಕಿಲ್ಲ.

ದಾರಿಯೂ ಸಿದ್ಧವಿದೆ. ಹೊಸ ಪದ್ಧತಿಯಾದ ಐಪಿವಿ6ನಲ್ಲಿ ವಿಳಾಸದ ಬರವಿಲ್ಲ. ಜಿಯೋ ಮೊಬೈಲ್ ಸೇವೆ 2016ರಲ್ಲಿ ಶುರುವಾದದ್ದೇ ಅದರೊಂದಿಗೆ. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6ಗೆ ಸಿದ್ಧವಿರಬೇಕೆಂದು ದೂರಸಂಪರ್ಕ ಇಲಾಖೆಯೇ ಹೇಳಿದೆ. ಜೇಬಿನ ಮೊಬೈಲಿಗೆ ಸಿಕ್ಕದ್ದು ಮನೆಯ ಫೈಬರಿಗೆ ಏಕೆ ಸಿಗಬಾರದು?

ನಮ್ಮ ಮಾತು

ಹಳೆಯ ವಿಳಾಸದಲ್ಲೇ ಉಳಿದ ಜಾಲತಾಣಗಳಿರುವಷ್ಟು ಕಾಲ ಹಂಚಿಕೆ ಬೇಕು. ಇಷ್ಟರಮಟ್ಟಿಗೆ ಪರ ವಾದ ಸರಿ. ಆದರೆ ಐಪಿವಿ6 ಜತೆಗಿಲ್ಲದ ಸಿಜಿನ್ಯಾಟ್ ಅರ್ಧ ಇಂಟರ್ನೆಟ್ಟೇ. ನಿಮ್ಮ ರೂಟರಿನ ಪುಟದಲ್ಲಿ ವ್ಯಾನ್ (WAN) ವಿಳಾಸ 100.64ರಿಂದ 100.127ರ ನಡುವೆ ಅಥವಾ ಮೊದಲ ಚುಕ್ಕೆಗೆ ಮುನ್ನ 10 ಎಂದಷ್ಟೇ ಇದ್ದರೆ ನೀವೂ ಆ ಪದರದ ಹಿಂದಿದ್ದೀರಿ. ಮುಂದಿನ ರೀಚಾರ್ಜ್‌ಗೆ ಮುನ್ನ ಕೇಬಲ್‌ನವರನ್ನು ಕೇಳಿ: ಐಪಿವಿ6 ಯಾವಾಗ ಕೊಡುತ್ತೀರಿ?